ಕೇಳಿ ಕೇಳಿ ಕನ್ನಡ ಕಲಿತ ಕಿಟ್ಟೆಲ್



ನಮ್ಮ ಕಾಲೇಜಿಗೆ ಮೂರು ತಾಲ್ಲೂಕುಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರು. ಈ ಮೂರು ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಮೂರರಲ್ಲಿ ಎರಡು ಹೆಸರಿಗೆ ಳ ಬೇಕು. ನಮ್ಮ ಮನೆಯಲ್ಲಿ ಮಾತನಾಡುವ ಉರ್ದುವಿನಲ್ಲಿ ಆ ಧ್ವನಿಯೇ ಇಲ್ಲ. ನನ್ನ ದಾದಿ ಮದುವೆಯಾಗಿ ಬಂದಾಗಿನಿಂದ ಇದೇ ಊರಿನಲ್ಲಿದ್ದಾರೆ. ಆದರೂ ಇವತ್ತಿಗೂ ಅವರ ಬಾಯಲ್ಲಿ ನಮ್ಮ ಊರು ಕೊಲ್ಲೇಗಾಲ್.

ಕಳೆದ ವರ್ಷ ಕನ್ನಡ ತರಗತಿಯಲ್ಲಿ ಪಾಠವನ್ನು ಗಟ್ಟಿಯಾಗಿ ಓದುವ ಸರದಿ ನನಗೆ ಬಂತು. ಹಳ್ಳಿಯ ಜನರು ಎಂದು ಓದಬೇಕಾದ ಕಡೆ ನಾನು ಹಲ್ಲಿಯ ಜನರು ಎಂದು ಓದಿಬಿಟ್ಟೆ. ಇಡೀ ತರಗತಿ ನಕ್ಕಿತು. ಆಮೇಲೆ ಒಂದು ವಾರ ನನ್ನನ್ನು ಕಂಡವರೆಲ್ಲ ಗೋಡೆಯ ಕಡೆ ನೋಡಿ ನಗುತ್ತಿದ್ದರು. ಪರೀಕ್ಷೆಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕ ಬಂದರೂ ಗಟ್ಟಿಯಾಗಿ ಓದುವುದನ್ನು ನಾನು ನಿಲ್ಲಿಸಿಬಿಟ್ಟೆ. ಕನ್ನಡ ನನ್ನದಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನನಗೆ ಹಾಗೆ ಅನ್ನಿಸತೊಡಗಿತು.

ನಮ್ಮ ಕನ್ನಡ ಮೇಡಂ ಇದನ್ನು ಗಮನಿಸಿದ್ದರು. ಒಂದು ದಿನ ಗ್ರಂಥಾಲಯಕ್ಕೆ ಕರೆದು, ಇಟ್ಟಿಗೆಯಷ್ಟು ದಪ್ಪದ ಒಂದು ನಿಘಂಟನ್ನು ಮೇಜಿನ ಮೇಲಿಟ್ಟರು. ಇದನ್ನು ಮಾಡಿದವರ ಮನೆಮಾತೂ ಕನ್ನಡವಲ್ಲ, ಅವರ ಜೀವನವನ್ನು ಓದಿ ಬಂದು ನನಗೆ ಹೇಳು ಎಂದಷ್ಟೇ ತಿಳಿಸಿ ಹೋದರು. ಹಾಗೆ ಓದಿದ್ದನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಜರ್ಮನಿಯ ಹುಡುಗ

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು. ಊರು ರೆಸ್ಟರ್‌ಹಾಫೆ. ಅದು ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ದಂಡೆಗೆ ಹತ್ತಿರದ ಈಸ್ಟ್ ಫ್ರೀಸಿಯಾ ಎಂಬ ಸೀಮೆಗೆ ಸೇರಿದ ಸಣ್ಣ ಊರು. ತಂದೆ ಪಾದ್ರಿಯಾಗಿದ್ದರು. ಆ ಸೀಮೆಯ ಜನಸಾಮಾನ್ಯರ ಮನೆಮಾತು ಲೋ ಜರ್ಮನ್. ಶಾಲೆಯಲ್ಲಿ, ಚರ್ಚಿನಲ್ಲಿ, ಪುಸ್ತಕದಲ್ಲಿ ಇದ್ದದ್ದು ಹೈ ಜರ್ಮನ್. ಎರಡಕ್ಕೂ ಜರ್ಮನ್ ಎಂದೇ ಹೆಸರಿದ್ದರೂ ಒಂದನ್ನು ಬಲ್ಲವರಿಗೆ ಇನ್ನೊಂದು ತಾನಾಗಿಯೇ ತಿಳಿಯುವುದಿಲ್ಲ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಎನ್ನುವುದು ನಮಗೆ ಮಾತ್ರ ಬಂದ ಕಷ್ಟ ಎಂದು ನಾನು ತಿಳಿದಿದ್ದೆ. ಅದು ಜಗತ್ತಿನ ಎಷ್ಟೋ ಕಡೆ ಇದೆ.

ಕಿಟ್ಟೆಲ್ ಅವರು ಓದಿನಲ್ಲಿ ಚುರುಕು. ಶಾಲೆಯಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತರು. 1850ರಲ್ಲಿ, 18ನೆಯ ವಯಸ್ಸಿನಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಬಾಸೆಲ್ ಮಿಶನ್ ಸಂಸ್ಥೆಯನ್ನು ಸೇರಿದರು. ಕ್ರೈಸ್ತ ಧರ್ಮ ಪ್ರಚಾರಕ್ಕಾಗಿ ದೂರದೇಶಗಳಿಗೆ ಜನರನ್ನು ಕಳಿಸುತ್ತಿದ್ದ ಸಂಸ್ಥೆ ಅದು. 1834ರಿಂದಲೇ ಮಂಗಳೂರಿನಲ್ಲಿ ಕೆಲಸ ಶುರುಮಾಡಿತ್ತು. ಅದೇ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ್ದರು. ಹರ್ಮನ್ ಗುಂಡರ್ಟ್ ಎಂಬ ಇನ್ನೊಬ್ಬರು ಮಲಯಾಳಂ ಭಾಷೆಯಲ್ಲಿ ಮುಳುಗಿದ್ದರು. 1853ರಲ್ಲಿ ಕಿಟ್ಟೆಲ್ ಅವರು ಭಾರತಕ್ಕೆ ಬಂದಿಳಿದರು. ಆಗ ಅವರಿಗೆ 21 ವರ್ಷ. ನಮಗಿಂತ ನಾಲ್ಕೇ ವರ್ಷ ದೊಡ್ಡವರು. ಕನ್ನಡ ಶುರುಮಾಡಿದ್ದು ಆ ವಯಸ್ಸಿನಲ್ಲಿ.

ಕೇಳುವುದು ಎಂಬ ಕೆಲಸ

ಮಂಗಳೂರು, ಧಾರವಾಡ, ಹುಬ್ಬಳ್ಳಿ, ಮಡಿಕೇರಿ ಇವು ಅವರು ದುಡಿದ ಊರುಗಳು. ಈ ಊರುಗಳ ಕನ್ನಡ ಒಂದೇ ಥರ ಇಲ್ಲ. ಧಾರವಾಡದ ಕನ್ನಡ ಕೇಳಿದವರಿಗೆ ನಮ್ಮ ಹನೂರಿನ ಕನ್ನಡ ಬೇರೆಯೇ ಅನ್ನಿಸುತ್ತದೆ. ಮಂಗಳೂರಿನಲ್ಲಿ ಬೀದಿಯ ಮಾತು ತುಳು ಮತ್ತು ಕೊಂಕಣಿ. ಮಡಿಕೇರಿಯಲ್ಲಿ ಕೊಡವ. ಕಿಟ್ಟೆಲ್ ಅವರಿಗೆ ಹೋದಲ್ಲೆಲ್ಲ ಹೊಸ ಪದ ಸಿಕ್ಕಿತು.

ಆಗಿನ ಕಾಲದಲ್ಲಿ ಬಿಳಿಯರು ಜನರಿಂದ ದೂರ ನಿಂತು ಬದುಕುತ್ತಿದ್ದರು. ಕಿಟ್ಟೆಲ್ ಅವರ ಮನಸ್ಸು ಬೇರೆ. ಇಲ್ಲಿಯವರ ನಡುವೆ ಇಲ್ಲಿಯವರಂತೆಯೇ ಇರಬೇಕು, ಇಲ್ಲದಿದ್ದರೆ ಇವರ ಮಾತು ತಿಳಿಯುವುದಿಲ್ಲ ಎಂದು ಅವರು ನಂಬಿದ್ದರು. ಇದು ಅವರ ಮೇಲಿನವರಿಗೆ ಹಿಡಿಸಲಿಲ್ಲ. ಜೊತೆಯವರಲ್ಲಿಯೂ ಅವರು ಒಂಟಿಯಾದರು. ಧರ್ಮ ಪ್ರಚಾರಕರಾಗಿ ಅವರು ಗೆದ್ದವರಲ್ಲ ಎಂದೇ ಅವರ ಜೀವನ ಬರೆದವರು ಹೇಳುತ್ತಾರೆ. ಬಂದ ಕೆಲಸ ಒಂದು, ಉಳಿದ ಕೆಲಸ ಇನ್ನೊಂದು. 1862ರಲ್ಲಿ ಅವರು ಕಥಾಮಾಲೆ ಎಂಬ ಪುಸ್ತಕವನ್ನು ತಂದರು. ಅದರಲ್ಲಿ ಏಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿಯೇ ಪದ್ಯವಾಗಿ ಬರೆದಿದ್ದಾರೆ. ಬಂದು ಒಂಬತ್ತು ವರ್ಷಕ್ಕೆ ಕನ್ನಡದಲ್ಲಿ ಪದ್ಯ ಕಟ್ಟುವಷ್ಟು ಕಲಿತಿದ್ದರು.

ಹೇಗೆ ಕಲಿತರು? ಇದಕ್ಕೆ ಕನ್ನಡದ ಒಂದೇ ಪದದಲ್ಲಿ ಉತ್ತರವಿದೆ. ಕೇಳು. ಉರ್ದುವಿನಲ್ಲಿ ಕಿವಿಯಿಂದ ಕೇಳುವುದಕ್ಕೆ ಸುನ್‌ನಾ ಎನ್ನುತ್ತೇವೆ. ಪ್ರಶ್ನೆ ಕೇಳುವುದಕ್ಕೆ ಪೂಛ್‌ನಾ ಎನ್ನುತ್ತೇವೆ. ಎರಡು ಬೇರೆ ಬೇರೆ ಪದ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಕಿಟ್ಟೆಲ್ ಅವರು ಎರಡೂ ಅರ್ಥದಲ್ಲಿ ಕೇಳಿದವರು. ಜನ ಮಾತನಾಡುವಾಗ ಕಿವಿಗೊಟ್ಟರು. ಗೊತ್ತಾಗದಿದ್ದಾಗ ಪಂಡಿತರನ್ನೂ ಸಾಮಾನ್ಯರನ್ನೂ ವಿಚಾರಿಸಿದರು. ತಾಳೆಗರಿಯ ಹಸ್ತಪ್ರತಿಗಳನ್ನು ತರಿಸಿ ಓದಿದರು. ನಾನಂತೂ ನಕ್ಕಾರು ಎಂಬ ಭಯಕ್ಕೆ ಕೇಳುವುದನ್ನೇ ಬಿಟ್ಟಿದ್ದೆ.

ತಪ್ಪು ಎಂದರೆ ಇನ್ನೊಂದು ನಿಯಮ

ಹೊಸ ಭಾಷೆ ಕಲಿಯುವಾಗ ನಾವು ಮಾಡುವ ತಪ್ಪುಗಳು ಸುಮ್ಮನೆ ಆಗುವುದಿಲ್ಲ. ಅವು ಮನೆಮಾತಿನ ನಿಯಮಗಳು. ಇದನ್ನು ತಿಳಿದಾಗ ನನಗೆ ದೊಡ್ಡ ಸಮಾಧಾನವಾಯಿತು.

ನನ್ನ ದಾದಿ ಬಸ್ಸು ಬಂದಳು ಎನ್ನುತ್ತಾರೆ. ಕೇಳಿದವರಿಗೆ ನಗು. ಆದರೆ ಉರ್ದುವಿನಲ್ಲಿ ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ಘರ್ ಗಂಡು, ಕಿತಾಬ್ ಹೆಣ್ಣು, ಬಸ್ ಹೆಣ್ಣು. ದಾದಿ ನಿಯಮ ಮುರಿಯುತ್ತಿಲ್ಲ, ಒಂದು ಭಾಷೆಯ ನಿಯಮವನ್ನು ಇನ್ನೊಂದರೊಳಗೆ ತರುತ್ತಿದ್ದಾರೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ. ಮನುಷ್ಯರಾದರೆ ಗಂಡು ಅಥವಾ ಹೆಣ್ಣು, ಉಳಿದದ್ದೆಲ್ಲ ನಪುಂಸಕ. ಇನ್ನು ಕಿಟ್ಟೆಲ್ ಅವರ ಜರ್ಮನ್ ನೋಡಿ. ಅಲ್ಲಿ ಮೂರು ಲಿಂಗಗಳಿವೆ, ಮೇಜು ಪುಲ್ಲಿಂಗ. ಹುಡುಗಿ ಎಂಬ ಅರ್ಥದ ಮೇಡ್‌ಷೆನ್ ಎಂಬ ಪದ ನಪುಂಸಕಲಿಂಗ! ಅಂಥ ಭಾಷೆಯಿಂದ ಬಂದವರು ಕನ್ನಡದ ಅವನು, ಅವಳು, ಅದು ಕಲಿಯುವಾಗ ಒಂದೂ ತಪ್ಪು ಮಾಡಿರಲಿಕ್ಕಿಲ್ಲ ಎಂದು ನನಗೆ ಅನ್ನಿಸುವುದಿಲ್ಲ.

ಧ್ವನಿಗಳದ್ದೂ ಹಾಗೆಯೇ. ಎಳೆಯ ಮಗು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಯಾವ ಭಾಷೆಯ ಧ್ವನಿ ವ್ಯತ್ಯಾಸವನ್ನಾದರೂ ಗುರುತಿಸಬಲ್ಲದು. ಒಂದು ವರ್ಷ ತುಂಬುವ ಹೊತ್ತಿಗೆ ಅದರ ಕಿವಿ ತನ್ನ ಸುತ್ತಲಿನ ಮಾತಿಗೆ ಒಗ್ಗಿಕೊಳ್ಳುತ್ತದೆ. ಆ ಮಾತಿನಲ್ಲಿ ಇಲ್ಲದ ವ್ಯತ್ಯಾಸಗಳು ನಿಧಾನವಾಗಿ ಕೇಳಿಸದಂತಾಗುತ್ತವೆ. ಲ ಹೇಳುವಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ತಾಗುತ್ತದೆ. ಳ ಹೇಳುವಾಗ ಅದೇ ತುದಿ ಹಿಂದಕ್ಕೆ ಮಡಚಿ ಅಂಗಳಕ್ಕೆ ತಾಗಬೇಕು. ಉರ್ದುವಿನಲ್ಲಿ ಈ ಎರಡಕ್ಕೆ ಬೇರೆ ಬೇರೆ ಕೆಲಸವಿಲ್ಲ. ಹಾಗಾಗಿ ದಾದಿಯ ಕಿವಿಗೆ ಎರಡೂ ಒಂದೇ. ಇದಕ್ಕೆ ಪ್ರತಿಯಾಗಿ ಖಾನ್ ಎಂಬ ಹೆಸರಿನ ಮೊದಲ ಧ್ವನಿ ನಮ್ಮಲ್ಲಿ ಗಂಟಲಲ್ಲಿ ಉಜ್ಜಿ ಬರಬೇಕು. ನನ್ನನ್ನು ನೋಡಿ ನಕ್ಕ ಸಹಪಾಠಿಗಳಲ್ಲಿ ಒಬ್ಬರಿಗೂ ಅದು ಬರುವುದಿಲ್ಲ. ಜರ್ಮನ್ ಭಾಷೆಯಲ್ಲಿ ಹೆಚ್ಚುಕಡಿಮೆ ಅದೇ ಧ್ವನಿ ಇದೆ, ಕಿಟ್ಟೆಲ್ ಅವರಿಗೆ ಬರುತ್ತಿತ್ತು!

ಕನ್ನಡವೇ ಕಳೆದುಕೊಂಡ ಅಕ್ಷರ

ಕಿಟ್ಟೆಲ್ ಅವರು ಇಂದಿನ ಮಾತಿಗಷ್ಟೇ ನಿಲ್ಲಲಿಲ್ಲ, ಹಳಗನ್ನಡಕ್ಕೂ ಇಳಿದರು. 13ನೆಯ ಶತಮಾನದ ಕೇಶಿರಾಜ ಬರೆದ ಶಬ್ದಮಣಿದರ್ಪಣ ಎಂಬ ವ್ಯಾಕರಣವನ್ನು 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ಅದರ ಜೊತೆಗೆ ಕನ್ನಡ ಸಾಹಿತ್ಯದ ಬಗ್ಗೆ ಒಂದು ದೀರ್ಘ ಪ್ರಬಂಧವನ್ನೂ ಸೇರಿಸಿದರು.

ಇಲ್ಲಿ ನನಗೆ ಅಚ್ಚರಿಯ ವಿಷಯವೊಂದು ಸಿಕ್ಕಿತು. ಹಳಗನ್ನಡದಲ್ಲಿ ೞ ಎಂಬ ಇನ್ನೊಂದು ಅಕ್ಷರವಿತ್ತು. ಅದು ಲ ಅಲ್ಲ, ಳ ಕೂಡ ಅಲ್ಲ. ತಮಿಳಿನಲ್ಲಿ ಅದು ಇನ್ನೂ ಇದೆ. ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ ಕೊನೆಯಲ್ಲಿ ಬರುವ ಧ್ವನಿಯೇ ಅದು. ನಮ್ಮ ಮಳೆ, ಬಾಳೆ, ಏಳು ಎಂಬ ಪದಗಳಲ್ಲಿ ಒಂದು ಕಾಲಕ್ಕೆ ೞ ಇತ್ತು. ಜನ ನಿಧಾನವಾಗಿ ಅದನ್ನು ಳ ಎನ್ನತೊಡಗಿದರು. ಕೇಶಿರಾಜನ ಕಾಲಕ್ಕಾಗಲೇ ಗೊಂದಲ ಹುಟ್ಟಿತ್ತು. ಅದಕ್ಕೇ ಅವನು ಆ ಅಕ್ಷರ ಬರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಇವತ್ತು ಆ ಧ್ವನಿ ಕನ್ನಡದಲ್ಲಿ ಪೂರ್ತಿ ಮರೆಯಾಗಿದೆ. ಅಂದರೆ ನಾನು ಹಳ್ಳಿಯನ್ನು ಹಲ್ಲಿ ಮಾಡಿದ್ದೂ, ಕನ್ನಡಿಗರೆಲ್ಲರೂ ೞವನ್ನು ಳ ಮಾಡಿದ್ದೂ ಒಂದೇ ಜಾತಿಯ ಕೆಲಸ. ಎಲ್ಲರೂ ಸೇರಿ ಮಾಡಿದ್ದಕ್ಕೆ ಭಾಷೆಯ ಬೆಳವಣಿಗೆ ಎಂದು ಹೆಸರು, ಒಬ್ಬರೇ ಮಾಡಿದರೆ ತಪ್ಪು.

ಪ ಎಂಬುದು ಹ ಆಗಿದ್ದೂ ಹೀಗೆಯೇ. ಹಳಗನ್ನಡದ ಪಾಲ್ ಈಗ ಹಾಲು. ಪುಲಿ ಈಗ ಹುಲಿ. ತಮಿಳಿನಲ್ಲಿ ಪಾಲ್, ಪುಲಿ ಹಾಗೆಯೇ ಉಳಿದಿವೆ. ನಮ್ಮ ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆಯಿಂದ ಬರುವ ತಮಿಳು ಮನೆಮಾತಿನ ಸ್ನೇಹಿತರನ್ನು ಕೇಳಿ ನೋಡಿ. ಅವರ ಬಾಯಲ್ಲಿ ಹಳಗನ್ನಡದ ಎಷ್ಟೋ ಪದಗಳು ಸಿಗುತ್ತವೆ. ಕೊಳ್ಳೇಗಾಲ 1956ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ನಮ್ಮ ಹಿರಿಯರಲ್ಲಿ ತಮಿಳು ಬಲ್ಲವರು ಇನ್ನೂ ಇದ್ದಾರೆ.

ಕನ್ನಡ, ತಮಿಳು, ತೆಲುಗು, ಮಲಯಾಳಂ, ತುಳು ಒಂದೇ ಕುಟುಂಬದ ಭಾಷೆಗಳು ಎಂದು ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ತೋರಿಸಿದ್ದರು. ಆ ಕುಟುಂಬಕ್ಕೆ ದ್ರಾವಿಡ ಎಂದು ಹೆಸರು. ನಮ್ಮ ಉರ್ದು ಇಂಡೋ ಆರ್ಯನ್ ಕುಟುಂಬದ್ದು. ಒಡೆಯರಪಾಳ್ಯದ ಟಿಬೆಟನ್ನರ ಭಾಷೆ ಮೂರನೆಯ ಕುಟುಂಬದ್ದು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದ ಬರುವ ಸೋಲಿಗ ಸ್ನೇಹಿತರ ಮಾತು ದ್ರಾವಿಡ ಕುಟುಂಬದಲ್ಲಿ ಕನ್ನಡ, ತಮಿಳುಗಳಿಗೆ ಹತ್ತಿರದ್ದು. ಮೂರು ತಾಲ್ಲೂಕಿನೊಳಗೆ ಮೂರು ಭಾಷಾ ಕುಟುಂಬ!

ಎಪ್ಪತ್ತು ಸಾವಿರ ಪದ

ಕಿಟ್ಟೆಲ್ ಅವರಿಗೆ ಮೊದಲೂ ಕನ್ನಡಕ್ಕೆ ನಿಘಂಟು ಇರಲಿಲ್ಲ ಎಂದಲ್ಲ. ವಿಲಿಯಂ ರೀವ್ ಅವರ ಕನ್ನಡ ಇಂಗ್ಲಿಷ್ ನಿಘಂಟು 1832ರಲ್ಲಿ, ಕಿಟ್ಟೆಲ್ ಹುಟ್ಟಿದ ವರ್ಷವೇ ಬಂದಿತ್ತು. ಅದು ಸಾಲದು, ಹಳಗನ್ನಡ, ನಡುಗನ್ನಡ, ಆಡುಮಾತು ಎಲ್ಲವೂ ಇರುವ ನಿಘಂಟು ಬೇಕು ಎಂದು ಅವರು ಹೊರಟರು. ಇದಕ್ಕೆ ಎರಡು ದಶಕಗಳಷ್ಟು ಕಾಲ ಹಿಡಿಯಿತು.

ಈ ನಡುವೆ ಮನೆಯ ಕಷ್ಟಗಳೂ ಇದ್ದವು. ಮೊದಲ ಹೆಂಡತಿ ಪೌಲಿನ್ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಮುಂದೆ ಅವರ ತಂಗಿ ಜೂಲಿಯನ್ನು ಕಿಟ್ಟೆಲ್ ಮದುವೆಯಾದರು. ಆರೋಗ್ಯ ಕೆಟ್ಟು 1877ರಲ್ಲಿ ಜರ್ಮನಿಗೆ ಮರಳಬೇಕಾಯಿತು. ಅಲ್ಲಿಯೇ ಉಳಿಯಬಹುದಿತ್ತು. ಆದರೆ ಕನ್ನಡ ನಾಡಿನಲ್ಲಿ ಇಲ್ಲದೆ ಕನ್ನಡ ನಿಘಂಟು ಮುಗಿಯುವುದಿಲ್ಲ. ಕೇಳುವುದಕ್ಕೆ ಜನ ಬೇಕಲ್ಲವೇ? 50 ದಾಟಿದ್ದ ಅವರು 1883ರಲ್ಲಿ ಮತ್ತೆ ಹಡಗು ಹತ್ತಿ ಬಂದರು. ಸುಮಾರು ಒಂಬತ್ತು ವರ್ಷ ಇಲ್ಲಿ ದುಡಿದು 1892ರಲ್ಲಿ ಕೊನೆಯ ಸಲ ಹೊರಟರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ನಿಘಂಟು ಹೊರಬಂತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಕಂಪ್ಯೂಟರ್ ಇಲ್ಲ, ಬೆರಳಚ್ಚು ಯಂತ್ರದಲ್ಲಿ ಕನ್ನಡವಿಲ್ಲ. ಎಲ್ಲ ಪದಗಳನ್ನೂ ಕೈಯಿಂದ ಬರೆದು, ಜೋಡಿಸಿ, ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೂಡಿಸಿ ಮಾಡಿದ ಕೆಲಸ. ಊರಿನ ಪಂಡಿತರು ಜೊತೆಯಾಗಿ ದುಡಿದರು. ಇದು ಒಬ್ಬರ ಹೆಸರಿನಲ್ಲಿದ್ದರೂ ಹಲವರ ಶ್ರಮ.

ಈ ನಿಘಂಟಿನಲ್ಲಿ ಪದದ ಮುಂದೆ ಇಂಗ್ಲಿಷ್ ಅರ್ಥ ಬರೆದು ಸುಮ್ಮನಾಗುವುದಿಲ್ಲ. ಆ ಪದದ ಹಳೆಯ ರೂಪ ಯಾವುದು, ತಮಿಳು, ತೆಲುಗು, ಮಲಯಾಳಂ, ತುಳುವಿನಲ್ಲಿ ಅದರ ಬಂಧುಗಳು ಯಾರು, ಯಾವ ಕಾವ್ಯದಲ್ಲಿ ಬಂದಿದೆ ಎಂದೆಲ್ಲ ಸೂಚಿಸುತ್ತದೆ. ಗಾದೆಗಳನ್ನೂ ಸೇರಿಸಿದ್ದಾರೆ.

ನಾನು ಮೊದಲು ಹುಡುಕಿದ ಪದ ಯಾವುದೆಂದು ನೀವು ಊಹಿಸಬಹುದು. ಹಳ್ಳಿ! ಅದರ ಹಳೆಯ ರೂಪ ಪಳ್ಳಿ. ಇದೇ ಪಳ್ಳಿ ಎಂಬ ಪದ ಅಕ್ಕಪಕ್ಕದ ಭಾಷೆಗಳಲ್ಲಿ ಎಲ್ಲೆಲ್ಲಿ ಹೋಗಿದೆ ಎಂದು ಮೇಡಂ ಜೊತೆ ಕುಳಿತು ಹುಡುಕಿದೆ. ತಮಿಳಿನಲ್ಲಿ ಪಳ್ಳಿ ಎಂದರೆ ಶಾಲೆ. ಪಳ್ಳಿವಾಸಲ್ ಎಂದರೆ ಮಸೀದಿ. ಮಲಯಾಳಂನಲ್ಲಿ ಪಳ್ಳಿ ಎಂದರೆ ಮಸೀದಿಯೂ ಹೌದು, ಚರ್ಚೂ ಹೌದು. ಮಂಗಳೂರು ಕಡೆಯ ತುಳುವಿನಲ್ಲಿಯೂ ಮಸೀದಿಗೆ ಪಳ್ಳಿ ಎನ್ನುತ್ತಾರೆ. ಜನ ಸೇರಿ ನೆಲೆನಿಂತ ಜಾಗ ಎಂಬ ಅರ್ಥದಿಂದ ಹೊರಟ ಪದ ಒಂದು ಕಡೆ ಹಳ್ಳಿಯಾಗಿ, ಒಂದು ಕಡೆ ಶಾಲೆಯಾಗಿ, ಒಂದು ಕಡೆ ನಮಾಜಿನ ಜಾಗವಾಗಿ ನಿಂತಿದೆ. ನನ್ನನ್ನು ನೋಡಿ ನಗುವಂತೆ ಮಾಡಿದ ಪದದೊಳಗೆ ಇಷ್ಟೆಲ್ಲ ಇತ್ತು! ಅಂದು ಮೇಜಿನ ಮುಂದೆ ಎಷ್ಟು ಹೊತ್ತು ಕುಳಿತಿದ್ದೆನೋ ನೆನಪಿಲ್ಲ.

ಜಮಾ ಮತ್ತು ಖರ್ಚು

ನಾನು ವಾಣಿಜ್ಯ ವಿದ್ಯಾರ್ಥಿ. ಹಾಗಾಗಿ ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾಯಿತು. ಕಿಟ್ಟೆಲ್ ಅವರು ಹೊರಗಿನಿಂದ ಬಂದ ಪದಗಳನ್ನು ನಿಘಂಟಿನಿಂದ ಹೊರಗಿಡಲಿಲ್ಲ. ಸಂಸ್ಕೃತದ್ದು, ಮರಾಠಿಯದು, ಹಿಂದೂಸ್ತಾನಿಯದು ಎಂದು ಗುರುತು ಹಾಕಿ ಒಳಗೆ ಸೇರಿಸಿಕೊಂಡರು. ಜನರ ಬಾಯಲ್ಲಿ ಇದ್ದರೆ ಅದು ಕನ್ನಡದ ಪದ.

ನಮ್ಮ ಊರಿನ ಅಂಗಡಿಯ ಲೆಕ್ಕದ ಪುಸ್ತಕ ತೆಗೆದು ನೋಡಿ. ಜಮಾ, ಬಾಕಿ, ಅಸಲು, ನಗದು, ವಸೂಲಿ, ಕರಾರು, ಜಾಮೀನು, ತಗಾದೆ, ದಲ್ಲಾಳಿ, ತಾರೀಖು. ಇವೆಲ್ಲ ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಮತ್ತು ಹಿಂದೂಸ್ತಾನಿಯ ದಾರಿಯಲ್ಲಿ ಕನ್ನಡಕ್ಕೆ ಬಂದವು. ನನ್ನ ಅಬ್ಬಾ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾರೆ. ಗೂಡು ಮಾರಲು ಬರುವ ರೈತರ ಜೊತೆ ಅವರು ಕನ್ನಡದಲ್ಲಿ ವ್ಯವಹರಿಸುತ್ತಾರೆ. ಬಾಕಿ ಎಂಬ ಪದ ಬಂದಾಗ ಅದು ಕನ್ನಡವೋ ಉರ್ದುವೋ ಎಂದು ಇಬ್ಬರೂ ಕೇಳುವುದಿಲ್ಲ, ಎಷ್ಟು ಬಾಕಿ ಎಂದು ಮಾತ್ರ ಕೇಳುತ್ತಾರೆ.

ಪದಗಳನ್ನು ಪಡೆದದ್ದು ಕನ್ನಡ ಮಾತ್ರವಲ್ಲ. ಕಿಟ್ಟೆಲ್ ಅವರು ನಿಘಂಟಿನ ಮುನ್ನುಡಿಯಲ್ಲಿ, ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಪದಗಳ ಉದ್ದ ಪಟ್ಟಿಯನ್ನೇ ಕೊಟ್ಟರು. ಎಲ್ಲವೂ ಸಂಸ್ಕೃತದಿಂದಲೇ ಬಂದದ್ದು ಎಂದು ಹಲವರು ನಂಬಿದ್ದ ಕಾಲದಲ್ಲಿ ಇದು ಧೈರ್ಯದ ಮಾತು. ಮೀನ, ನೀರ ಎಂಬ ಸಂಸ್ಕೃತ ಪದಗಳು ದ್ರಾವಿಡ ಮೂಲದವು ಎಂದು ಇಂದು ಅನೇಕ ವಿದ್ವಾಂಸರು ಒಪ್ಪುತ್ತಾರೆ.

ನಮ್ಮ ದಖ್ಖನಿ ಉರ್ದುವೂ ಕನ್ನಡದ ಕಡೆಯ ಭಾಷೆಗಳಿಂದ ಪಡೆದಿದೆ. ಬರುತ್ತೇನೆ ಅಂತ ಹೇಳಿದ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಆತೂಂ ಬೋಲ್‌ಕೆ ಬೋಲ್ಯಾ ಎನ್ನುತ್ತೇವೆ. ಉತ್ತರ ಭಾರತದ ಉರ್ದುವಿನಲ್ಲಿ ಹೇಳಿದ ಎಂಬುದು ಮೊದಲು ಬರುತ್ತದೆ, ಆಮೇಲೆ ಕೆ ಎಂದು ಸೇರಿಸಿ ಉಳಿದ ಮಾತು. ನಮ್ಮದು ಕನ್ನಡದ ಅಂತ ಎಂಬುದರ ಅಚ್ಚು. ಪದ ಉರ್ದುವಿನದು, ಕಟ್ಟಿದ ರೀತಿ ದ್ರಾವಿಡದ್ದು. ಲಖನೌ ಕಡೆಯವರು ನಮ್ಮ ಉರ್ದು ಕೇಳಿ ನಗುತ್ತಾರೆ, ಇಲ್ಲಿಯವರು ನಮ್ಮ ಕನ್ನಡ ಕೇಳಿ ನಗುತ್ತಾರೆ. ಎರಡು ಕಡೆಯೂ ನಗುವುದಕ್ಕೆ ಕಾರಣ ಒಂದೇ. ನಾವು ಎರಡು ಭಾಷೆಗಳ ನಡುವೆ ಬದುಕಿದ್ದೇವೆ.

ವ್ಯಾಪಾರದ ಸಾಲಕ್ಕೂ ಪದಗಳ ಸಾಲಕ್ಕೂ ಒಂದು ವ್ಯತ್ಯಾಸವಿದೆ. ಹಣ ಸಾಲ ಕೊಟ್ಟರೆ ಕೊಟ್ಟವರ ಪೆಟ್ಟಿಗೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಪದ ಕೊಟ್ಟ ಭಾಷೆಗೆ ಏನೂ ಕಡಿಮೆಯಾಗುವುದಿಲ್ಲ. ಪಡೆದ ಭಾಷೆ ಅದನ್ನು ತೀರಿಸಬೇಕಾಗಿಯೂ ಇಲ್ಲ.

ಕೊನೆಯ ದಿನಗಳು

1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ಟ್ಯೂಬಿಂಗನ್ನಿನಲ್ಲಿಯೇ ನೆಲೆಸಿದ್ದರು. ಅಲ್ಲಿಂದಲೇ ಇನ್ನೊಂದು ದೊಡ್ಡ ಕೆಲಸ ಮುಗಿಸಿದರು. ಅದು ಹಳೆಯ, ನಡುಗಾಲದ, ಹೊಸ ಕನ್ನಡ ಮೂರನ್ನೂ ಒಟ್ಟಿಗೆ ವಿವರಿಸುವ ಕನ್ನಡ ವ್ಯಾಕರಣ. ಅದು ಪ್ರಕಟವಾದದ್ದು 1903ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆಗ ಅವರ ವಯಸ್ಸು 71.

ಅವರ ನಿಘಂಟಿನಲ್ಲಿ ತಪ್ಪುಗಳೇ ಇಲ್ಲವೆಂದಲ್ಲ. ಮದ್ರಾಸ್ ವಿಶ್ವವಿದ್ಯಾಲಯದ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದರು. ಮುಂದೆ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಹೊರತಂದಿತು. ಆದರೂ ಕಿಟ್ಟೆಲ್ ಕೋಶವನ್ನು ಇಂದಿಗೂ ಜನ ತೆರೆಯುತ್ತಾರೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಧರ್ಮ ಪ್ರಚಾರಕ್ಕೆ ಬಂದವರನ್ನು ನಾಡು ನೆನೆಯುತ್ತಿರುವುದು ಅವರು ಕೇಳಿಸಿಕೊಂಡ ಪದಗಳಿಗಾಗಿ.

ಇಂಥವರು ಬೇರೆ ಭಾಷೆಗಳಲ್ಲಿಯೂ ಇದ್ದಾರೆ. ಅರಬ್ಬಿ ವ್ಯಾಕರಣದ ಅತಿ ದೊಡ್ಡ ಹೆಸರು ಸೀಬವೈಹಿ. 8ನೆಯ ಶತಮಾನದಲ್ಲಿ ಬಸ್ರಾ ನಗರದಲ್ಲಿ ಓದಿದ ಅವರು ಪಾರಸಿ ಮೂಲದವರು. ವಿದ್ಯಾರ್ಥಿಯಾಗಿದ್ದಾಗ ಅರಬ್ಬಿ ಓದುವಾಗ ಒಂದು ತಪ್ಪು ಮಾಡಿ, ಗುರುಗಳು ತಿದ್ದಿದಾಗ ನಾಚಿಕೊಂಡು, ಇನ್ನು ಯಾರೂ ತನ್ನನ್ನು ತಿದ್ದದಂಥ ವಿದ್ಯೆ ಕಲಿಯುತ್ತೇನೆಂದು ಹೊರಟರು ಎಂಬ ಕಥೆ ಇದೆ. ಈ ಕಥೆಯನ್ನು ಓದಿದಾಗ ನನಗೆ ನನ್ನ ಹಲ್ಲಿ ನೆನಪಾಗದೆ ಇರಲಿಲ್ಲ.

ನಾನು ಸೀಬವೈಹಿಯೂ ಅಲ್ಲ, ಕಿಟ್ಟೆಲ್ಲೂ ಅಲ್ಲ. ಆದರೆ ಈಗ ತರಗತಿಯಲ್ಲಿ ಮತ್ತೆ ಗಟ್ಟಿಯಾಗಿ ಓದುತ್ತೇನೆ. ಳ ಬಂದಾಗ ನಾಲಿಗೆಯನ್ನು ಮಡಚಲು ನೆನಪಿಟ್ಟುಕೊಳ್ಳುತ್ತೇನೆ, ಹತ್ತಕ್ಕೆ ಎಂಟು ಸಲ ಸರಿಯಾಗುತ್ತದೆ. ಮನೆಯಲ್ಲಿ ದಾದಿಗೂ ಕಲಿಸಲು ನೋಡಿದೆ. ಅವರು ನಾಲ್ಕು ಸಲ ಪ್ರಯತ್ನಿಸಿ, ನಕ್ಕು, ಕೊಲ್ಲೇಗಾಲ್ ಎಂದೇ ಹೇಳಿ ಚಹಾ ಮಾಡಲು ಎದ್ದು ಹೋದರು.

ನಿಮ್ಮೆಲ್ಲರಲ್ಲಿ ಒಂದು ಕೋರಿಕೆ. ಮುಂದಿನ ಸಂಚಿಕೆಗೆ ನಿಮ್ಮ ಮನೆಮಾತಿನ ಹತ್ತು ಪದಗಳನ್ನು ಬರೆದು ಕೊಡಿ. ಸೋಲಿಗ ನುಡಿ, ತಮಿಳು, ಟಿಬೆಟನ್, ಉರ್ದು, ಹಳ್ಳಿಯ ಕನ್ನಡ ಯಾವುದಾದರೂ ಸರಿ. ಪುಸ್ತಕದಲ್ಲಿ ಸಿಗದ, ಮನೆಯ ಹಿರಿಯರು ಮಾತ್ರ ಬಳಸುವ ಪದಗಳಾದರೆ ಇನ್ನೂ ಒಳ್ಳೆಯದು. ಗೊತ್ತಿಲ್ಲದಿದ್ದರೆ ಅವರ ಪಕ್ಕ ಕುಳಿತು ಕೇಳಿ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ